ಓದದೆ ಬಿಟ್ಟ ಪರಿಶಿಷ್ಟ

ದಪ್ಪ ಗ್ರಂಥಗಳ ಕೊನೆಗೆ 'ಪರಿಶಿಷ್ಟ' ಎಂಬುದೊಂದು ಭಾಗವಿರುತ್ತದೆ. ಮೂವತ್ತಾರು ವರ್ಷ ಮುಂಬಯಿಯ ಬ್ಯಾಂಕೊಂದರಲ್ಲಿ ಲೆಕ್ಕ ಬರೆದು, ಅಷ್ಟೇ ವರ್ಷ ಕನ್ನಡ ಸಂಘದ ವಾಚನಾಲಯದಿಂದ ಪುಸ್ತಕ ತಂದು ಓದಿದವನು ನಾನು. ಆದರೂ ಯಾವೊಂದು ಗ್ರಂಥದ ಪರಿಶಿಷ್ಟವನ್ನಾದರೂ ಓದಿದೆನೆಂದು ಹೇಳುವ ಧೈರ್ಯ ನನಗಿಲ್ಲ. ಇಂಗ್ಲಿಷರು ಗ್ರಂಥದ ಈ ಬಾಲಕ್ಕೂ, ನಮ್ಮ ಹೊಟ್ಟೆಯಲ್ಲಿ ದೊಡ್ಡ ಕರುಳಿನ ಆರಂಭದಲ್ಲಿ ತೂಗಾಡುವ ಕಿರುಬೆರಳಿನಂಥ ಇನ್ನೊಂದು ಬಾಲಕ್ಕೂ ಒಂದೇ ಹೆಸರಿಟ್ಟಿದ್ದಾರೆ: ಅಪೆಂಡಿಕ್ಸ್. ಎರಡನ್ನೂ ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ, ಆದುದರಿಂದ ಹೆಸರು ಸರಿಯಾಗಿಯೇ ಇದೆ ಎಂದು ನಾನು ಎಷ್ಟೋ ಸಲ ಚೇಷ್ಟೆ ಮಾಡಿದ್ದುಂಟು. ಆ ಚೇಷ್ಟೆಯನ್ನು ಈಗ ಮಾಡುವುದಿಲ್ಲ.

ನಾನು ಹುಡುಗನಾಗಿದ್ದಾಗ ಧಾರವಾಡದ ನಮ್ಮ ಓಣಿಯಲ್ಲಿ ಮಾಸ್ತರರೊಬ್ಬರು 'ಅಪೆಂಡಿಸ್' ತೆಗೆಸಿಕೊಂಡು ಬಂದರು. ಓಣಿಗೆ ಓಣಿಯೇ ಅವರನ್ನು ನೋಡಲು ಹೋಯಿತು. ಮಾಸ್ತರರು ಧೋತರದ ಅಂಚನ್ನು ನಾಲ್ಕು ಬೆರಳು ಕೆಳಗೆ ಸರಿಸಿ, ಬಲಗಡೆಯ ಹೊಲಿಗೆಯನ್ನು ದೊಡ್ಡವರಿಗೆಲ್ಲ ತೋರಿಸುತ್ತಿದ್ದರು. ಹುಡುಗರು ಬಾಗಿಲ ಸಂದಿಯಿಂದ ನೋಡಬೇಕು. ಮುಂದೆ ಹತ್ತು ವರ್ಷ ಅವರು ಯಾವ ಭಾರವನ್ನೂ ಎತ್ತಲಿಲ್ಲ, ಯಾವ ವರ್ಗಣಿಯನ್ನೂ ಕೊಡಲಿಲ್ಲ. ಕಾರಣ ಕೇಳಿದರೆ ಕೈ ಬಲಗಡೆಗೆ ಹೋಗುತ್ತಿತ್ತು. ಅಪೆಂಡಿಕ್ಸೆಂದರೆ ಊದುತ್ತದೆ, ನೋಯುತ್ತದೆ, ಕೊಯ್ದು ಎಸೆಯುತ್ತಾರೆ, ಮುಗಿಯಿತು. ಇದಕ್ಕಿಂತ ಹೆಚ್ಚಿನ ಜ್ಞಾನ ನನಗೆ ಅರವತ್ತೇಳನೆಯ ವಯಸ್ಸಿನವರೆಗೂ ಇರಲಿಲ್ಲ.

2022ನೆಯ ಇಸವಿಯ ಗಣೇಶ ಚತುರ್ಥಿಯ ಮರುದಿನ ನನ್ನ ಮಡದಿಗೆ ಹೊಟ್ಟೆನೋವು ಬಂತು. ಡೊಂಬಿವಲಿಯಲ್ಲಿ ಮಳೆ ಹಿಡಿದುಕೊಂಡಿತ್ತು. ಮನೆಯಲ್ಲಿ ಗಣಪತಿ ಕೂತಿದ್ದ.

"ಏನಾಗಿಲ್ರಿ, ಎರಡು ಕಾಳು ಅಜವಾನ ತಿಂದರ ಹೋಗ್ತದ. ಗಣಪತಿ ಮನಿಯೊಳಗ ಇದ್ದಾಗ ನಾ ಏನು ದವಾಖಾನಿಗೆ ಬರೂದಿಲ್ಲ" ಎಂದಳು.

ಅಜವಾನಕ್ಕೆ ನೋವು ಹೋಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಮಗಳೇ ರಿಕ್ಷಾ ತಂದಳು. ಸಮೀಪದ ನರ್ಸಿಂಗ್ ಹೋಮಿನಲ್ಲಿ ಸೋನೋಗ್ರಾಫಿ ಆಯಿತು. ಸಾಮಾನ್ಯವಾಗಿ 6 ಮಿಲಿಮೀಟರಿಗಿಂತ ದಪ್ಪವಿರದ ಅಪೆಂಡಿಕ್ಸು 16 ಮಿಲಿಮೀಟರಿಗೆ ಹೋಗಿದೆಯೆಂದು ಬರೆದುಕೊಟ್ಟರು. ಮರುದಿನ ದುರ್ಬೀನು ಹಾಕಿ ಶಸ್ತ್ರಕ್ರಿಯೆ. ಮೂರನೆಯ ದಿನ ಮನೆಗೆ. ಬಿಡುಗಡೆಯ ಹೊತ್ತಿಗೆ ಸರ್ಜನರು, "ಸ್ವಲ್ಪ ಬೇರೆ ತರಹ ಕಂಡಿತು. ಒಡೆಯದ ಹಾಗೆ ಚೀಲದಲ್ಲಿ ಹಾಕಿ ಹೊರಗೆ ತೆಗೆದಿದ್ದೇವೆ. ತಪಾಸಣೆಗೆ ಕಳಿಸಿದ್ದೇವೆ, ಹತ್ತು ದಿನ ಬಿಟ್ಟು ಬಂದು ರಿಪೋರ್ಟು ಒಯ್ಯಿರಿ" ಎಂದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಯ ವಿಷಯವೇ ಈ ಲೇಖನ.

ಹತ್ತು ದಿನದ ಮೇಲೆ ಹೊಲಿಗೆ ನೋಡುವುದಾಯಿತು, ರಿಪೋರ್ಟು ಬಂದಿರಲಿಲ್ಲ. ಆಮೇಲೆ ನವರಾತ್ರಿ ಬಂತು. ನಾನು ಸಂಘದ ಕಾರ್ಯದರ್ಶಿ. ರಾಜ್ಯೋತ್ಸವದ ನಾಟಕ, ಸಭಾಗೃಹದ ಬಾಡಿಗೆ, ಅಧ್ಯಕ್ಷರ ಭಾಷಣದ ತಿದ್ದುಪಡಿ, ಇವೆಲ್ಲ ನನ್ನ ತಲೆಯ ಮೇಲೆ. ನಡುನಡುವೆ ಅವಳು ಕೇಳುತ್ತಿದ್ದಳು: "ಆ ಕಾಗದಾ ತಂದ್ರೇನು?" "ನಾಳೆ ತರ್ತೀನಿ ತಗೋ" ಎನ್ನುತ್ತಿದ್ದೆ. ನರ್ಸಿಂಗ್ ಹೋಮು ನಮ್ಮ ಮನೆಯಿಂದ ಏಳು ನಿಮಿಷದ ಹಾದಿ. ಅವರೂ ಒಂದು ಫೋನು ಮಾಡಲಿಲ್ಲ, ನಿಜ. ಆದರೆ ಅವರ ಮೇಲೆ ಭಾರ ಹಾಕಿ ನಾನು ಹಗುರಾಗಲಾರೆ. ಹೊಟ್ಟೆನೋವು ಹೋಗಿತ್ತು, ಅವಳು ಕರಿಗಡಬು ಮಾಡುತ್ತಿದ್ದಳು. ಇನ್ನು ಕಾಗದವೇಕೆ?

ಡಿಸೆಂಬರಿನಲ್ಲಿ ವಿಮಾ ಕಂಪನಿಯವರು ಹಣ ತಡೆಹಿಡಿದು, ತಪಾಸಣೆಯ ರಿಪೋರ್ಟು ಲಗತ್ತಿಸಿಲ್ಲವೆಂದು ಪತ್ರ ಬರೆದರು. ಹಣದ ಮಾತು ಬಂದ ಮೇಲೆ ನಾನು ಏಳು ನಿಮಿಷ ನಡೆದೆ. ಕೌಂಟರಿನ ಹುಡುಗಿ ಒಂದು ಡ್ರಾದಿಂದ ಲಕೋಟೆ ತೆಗೆದು ಕೊಟ್ಟಳು, ಸೆಪ್ಟೆಂಬರಿನ ತಾರೀಖು. ಅಲ್ಲಿಯೇ ಮೆಟ್ಟಿಲ ಮೇಲೆ ನಿಂತು ಓದಿದೆ. ಅರ್ಥವಾದದ್ದು ಎರಡೇ ಶಬ್ದ: 'ಅಪೆಂಡಿಕ್ಸ್' ಮತ್ತು 'ನಿಯೋಪ್ಲಾಸಂ'. ಎರಡನೆಯದರ ಅರ್ಥ ಗಡ್ಡೆ ಎಂದು ಮೊಬೈಲಿನಲ್ಲಿ ನೋಡಿಕೊಂಡೆ. ಏಳು ನಿಮಿಷದ ಹಾದಿ ಹಿಂದಿರುಗುವಾಗ ಎಷ್ಟಾಯಿತೋ ತಿಳಿಯದು.

ಅವಳು ಅಕ್ಕಿ ಆರಿಸುತ್ತಿದ್ದಳು. "ಏನು ಬರದಾರ್ರಿ?" ಎಂದಳು. ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಆದರೆ ನಾಲ್ವತ್ತು ವರ್ಷದ ಸಂಸಾರದಲ್ಲಿ ನನ್ನ ಸುಳ್ಳುಗಳ ಮುಖಪರಿಚಯ ಅವಳಿಗೆ ಚೆನ್ನಾಗಿದೆ. ಕಾಗದವನ್ನೇ ಕೊಟ್ಟೆ. ಅವಳು ಹಣೆಯ ಮೇಲಿನ ಕನ್ನಡಕ ಇಳಿಸಿ ತಾರೀಖನ್ನು ಮೊದಲು ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆ ಕಾಗದವನ್ನು ಈಗ ನಾನು ಕಣ್ಣುಮುಚ್ಚಿ ಹೇಳಬಲ್ಲೆ. ವೈದ್ಯರು 'ಲ್ಯಾಮ್‌ನ್' ಎಂದು ಚಿಕ್ಕದಾಗಿ ಕರೆಯುವ ಗಡ್ಡೆ ಅದು. ಅಪೆಂಡಿಕ್ಸಿನೊಳಗಿನ ಲೋಳೆ ಸುರಿಸುವ ಕೋಶಗಳು ನಿಧಾನವಾಗಿ, ಹದ್ದುಮೀರಿ ಬೆಳೆಯುವ ಕಾಯಿಲೆ. ನಳಿಕೆ ಸಣ್ಣದು, ಲೋಳೆಗೆ ಹೊರಗೆ ಹೋಗಲು ದಾರಿಯಿಲ್ಲ. ಅಪೆಂಡಿಕ್ಸು ತೊಂಡೆಕಾಯಿಯಂತೆ ಉಬ್ಬುತ್ತದೆ. ಒಡೆಯದೆ ಇದ್ದಾಗ ಬುಡಸಹಿತ ತೆಗೆದರೆ ಅಲ್ಲಿಗೆ ತೀರಿತು. ಆದರೆ ಗೋಡೆ ಸವೆದು ಲೋಳೆ ಹೊರಬಿದ್ದು, ಅದರೊಂದಿಗೆ ಕೋಶಗಳೂ ಬಿದ್ದವೆಂದರೆ, ಹೊಟ್ಟೆಯ ಒಳಪೊರೆಯ ಮೇಲೆ ಬೀಜ ಚೆಲ್ಲಿದಂತೆ. ವರ್ಷಗಟ್ಟಲೆ ಕಳೆದ ಮೇಲೆ ಹೊಟ್ಟೆಯೆಲ್ಲ ಲೋಳೆಯಿಂದ ತುಂಬಬಹುದು. ಇದಕ್ಕೆ 'ಸ್ಯೂಡೋಮಿಕ್ಸೋಮಾ' ಎಂಬ ಹೆಸರು 1884ರಿಂದ ಇದೆ. ನಮ್ಮ ಕಾಗದದಲ್ಲಿ, ಬುಡ ಚೊಕ್ಕವಾಗಿದೆ, ಆದರೆ ಅಪೆಂಡಿಕ್ಸಿನ ಹೊರಮೈ ಮೇಲೆ ಒಂದು ಕಡೆ ಲೋಳೆ ಕಂಡಿದೆ ಎಂದಿತ್ತು. ಲೋಳೆಯಲ್ಲಿ ಕೋಶಗಳಿವೆಯೋ ಇಲ್ಲವೋ ಎಂಬುದರ ಮೇಲೆ ನಮ್ಮ ಮುಂದಿನ ದಿನಗಳು ನಿಂತಿದ್ದವು.

ಸರ್ಜನರು ಪರೇಲಿನ ಟಾಟಾ ಆಸ್ಪತ್ರೆಗೆ ಚೀಟಿ ಕೊಟ್ಟರು. ಕಾಗದವೊಂದೇ ಸಾಲದು, ಗಾಜಿನ ಪಟ್ಟಿಗಳನ್ನೂ ಮೇಣದ ತುಂಡುಗಳನ್ನೂ ತೆಗೆದುಕೊಂಡು ಹೋಗಬೇಕು ಎಂದರು. ಹೊಟ್ಟೆಯಿಂದ ತೆಗೆದ ಅಂಗವನ್ನು ಫಾರ್ಮಲಿನ್‌ನಲ್ಲಿ ಇಟ್ಟು, ತುಂಡು ಮಾಡಿ, ಮೇಣದಲ್ಲಿ ಎರಕ ಹೊಯ್ದು, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಉಳಿದ ಮೇಣದ ತುಂಡುಗಳನ್ನು ಜೋಪಾನ ಮಾಡಿರುತ್ತಾರೆ. ಆ ಚಪ್ಪಟೆ ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬೆಳಗಿನ ಫಾಸ್ಟ್ ಲೋಕಲ್ ಹತ್ತಿದೆ. ಈ ಗಾಡಿಯಲ್ಲಿ ಮೂವತ್ತಾರು ವರ್ಷ ಊಟದ ಡಬ್ಬಿ ಒಯ್ದಿದ್ದೇನೆ. ಮಡದಿಯ ಹೊಟ್ಟೆಯ ತುಣುಕನ್ನು ಒಯ್ಯುವ ಪ್ರಸಂಗ ಬರುವುದೆಂದು ಎಣಿಸಿರಲಿಲ್ಲ. ಠಾಣೆಯಲ್ಲಿ ಗರ್ದಿ ನುಗ್ಗಿದಾಗ ಎರಡೂ ಕೈಯಿಂದ ಎದೆ ಹಿಡಿದುಕೊಂಡೆ. ಪಕ್ಕದ ತರುಣನೊಬ್ಬ "ಕಾಕಾ, ಛಾತೀತ ದುಖತಯ ಕಾ?" ಎಂದು ಕೇಳಿ ತನ್ನ ಸೀಟು ಬಿಟ್ಟುಕೊಟ್ಟ.

ಟಾಟಾ ಆಸ್ಪತ್ರೆ ಬಾಗಿಲು ತೆರೆದದ್ದು 1941ರ ಫೆಬ್ರುವರಿ 28ರಂದು. ಅದರ ಮುಂದಿನ ರಸ್ತೆಯಲ್ಲಿ ನಿಂತರೆ ಭಾರತದ ಎಲ್ಲ ಭಾಷೆಗಳೂ ಕೇಳುತ್ತವೆ. ಮತ್ತೆ ಪರೀಕ್ಷಿಸಲು ಡಬ್ಬಿ ಒಪ್ಪಿಸಿ ಬಂದೆವು. ಹೊಟ್ಟೆಯ ಸಿ.ಟಿ. ಸ್ಕ್ಯಾನ್, ಗಡ್ಡೆಯ ಸುಳಿವು ಕೊಡುವ ರಕ್ತಪರೀಕ್ಷೆಗಳು, ದೊಡ್ಡ ಕರುಳಿನೊಳಗೆ ದುರ್ಬೀನು, ಎಲ್ಲ ಆಯಿತು. ಅಪೆಂಡಿಕ್ಸಿನಲ್ಲಿ ಇಂಥ ಗಡ್ಡೆಯಿದ್ದವರ ದೊಡ್ಡ ಕರುಳಿನಲ್ಲಿಯೂ ಒಮ್ಮೊಮ್ಮೆ ಬೇರೆ ಗಡ್ಡೆ ಇರುವುದುಂಟಂತೆ. ಅದಕ್ಕೇ ಆ ಕೊನೆಯ ಪರೀಕ್ಷೆ.

ಅಲ್ಲಿಯ ತರುಣ ಡಾಕ್ಟರರು ನನ್ನ ಕೆದಕುವಿಕೆಯನ್ನು ಸಹಿಸಿಕೊಂಡು ಬಹಳ ವಿಷಯ ಹೇಳಿದರು. ತೆಗೆದ ನೂರು ಅಪೆಂಡಿಕ್ಸುಗಳಲ್ಲಿ ಹೆಚ್ಚುಕಡಿಮೆ ಒಂದರಲ್ಲಿ ಗಡ್ಡೆ ಸಿಗುತ್ತದೆ. ಮುಂಚೆಯೇ ಸಂಶಯ ಬರುವುದು ಕಡಮೆ. ಬಹುಮಟ್ಟಿಗೆ ತಿಳಿಯುವುದು ತಪಾಸಣೆಯ ಕಾಗದದಿಂದಲೇ. ಆದರೂ ಕೆಲವು ಸೂಚನೆಗಳಿವೆ. ಅಪೆಂಡಿಕ್ಸು 15 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ, ಗೋಡೆಯಲ್ಲಿ ಸುಣ್ಣದ ಗೆರೆ ಕಂಡರೆ, ಸೋನೋಗ್ರಾಫಿಯಲ್ಲಿ ಉಳ್ಳಾಗಡ್ಡಿಯ ಪದರಿನಂತೆ ತೋರಿದರೆ, ಅದು ಬರಿಯ ಉರಿಯೂತವಲ್ಲದಿರಬಹುದು. ಆಗ ಸೂಜಿ ಚುಚ್ಚಿ ನೋಡುವ ಆತುರ ಬೇಡ. ಚುಚ್ಚಿದ ತೂತಿನಿಂದಲೇ ಲೋಳೆ ಹರಡೀತು. ಶಸ್ತ್ರಕ್ರಿಯೆಯಲ್ಲಿಯೂ ಅದನ್ನು ಹಿಂಡದೆ, ಹರಿಯದೆ, ಚೀಲದಲ್ಲಿ ಹಾಕಿಯೇ ತೆಗೆಯಬೇಕು. ನಮ್ಮ ಓಣಿಯ ಸರ್ಜನರು ಅದನ್ನು ಸರಿಯಾಗಿ ಮಾಡಿದ್ದರು. ಕೆಡಿಸಿದ್ದು ನಾನೊಬ್ಬನೇ.

ಕೀವು ಕಟ್ಟಿದ ಅಪೆಂಡಿಕ್ಸಿನ ವಿಷಯವನ್ನೂ ಅವರೇ ಹೇಳಿದರು. ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ನಿಶ್ಚಯವಾಗಿತ್ತು. ಎರಡು ದಿನ ಮೊದಲು ಟ್ರೀವ್ಸ್ ಎಂಬ ಸರ್ಜನರು ದೊರೆಯ ಹೊಟ್ಟೆ ತೆರೆದು ಕೀವನ್ನಷ್ಟೇ ಹೊರಗೆ ಬಿಟ್ಟರು. ಪಟ್ಟಾಭಿಷೇಕ ಆಗಸ್ಟಿಗೆ ಹೋಯಿತು. ಇಂದಿಗೂ ಕೀವು ಕಟ್ಟಿದವರಿಗೆ ಮೊದಲು ಔಷಧ ಕೊಟ್ಟು ಕೀವು ತೆಗೆಯುವುದು ರೂಢಿ. ಆಮೇಲೆ ಅಪೆಂಡಿಕ್ಸನ್ನು ತೆಗೆಯಲೇಬೇಕೋ ಬೇಡವೋ ಎಂದು ಫಿನ್‌ಲೆಂಡಿನಲ್ಲಿ ಒಂದು ಪ್ರಯೋಗ ನಡೆಸಿದರು. 2019ರಲ್ಲಿ ಪ್ರಕಟವಾದ ಆ ಪ್ರಯೋಗವನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. 60 ಜನರಲ್ಲಿ 12 ಜನರಿಗೆ ಅಪೆಂಡಿಕ್ಸಿನಲ್ಲಿ ಗಡ್ಡೆ ಸಿಕ್ಕಿತು, ಅವರೆಲ್ಲರೂ ನಾಲ್ವತ್ತು ದಾಟಿದವರು. ನಮ್ಮ ಸಂಘದಲ್ಲಿ ನಾಲ್ವತ್ತು ದಾಟದವರನ್ನು ಹುಡುಕುವುದೇ ಕಷ್ಟ. ಆದುದರಿಂದ ಈ ಅಂಕಿಯನ್ನು ಇಲ್ಲಿ ಬರೆದಿದ್ದೇನೆ: 'ಗುಳಿಗೆಗೆ ಕೀವು ಆರಿತು, ಇನ್ನೇನು' ಎಂದು ಕೂತವರು ಒಮ್ಮೆ ತಮ್ಮ ಡಾಕ್ಟರರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಎಲ್ಲ ಗಡ್ಡೆಗಳೂ ಒಂದೇ ಜಾತಿಯವಲ್ಲ. ನಮ್ಮ ಸಹಕಾರ್ಯದರ್ಶಿಗಳ ಮಗ, ಹತ್ತೊಂಬತ್ತರ ಹುಡುಗ, ಪರೀಕ್ಷೆಯ ಕಾಲಕ್ಕೆ ಅಪೆಂಡಿಕ್ಸ್ ತೆಗೆಸಿಕೊಂಡ. ಅದರ ತುದಿಯಲ್ಲಿ 6 ಮಿಲಿಮೀಟರಿನ ಹಳದಿ ಗಂಟು. ಇದಕ್ಕೆ ಮ್ಯೂನಿಕ್ಕಿನ ಓಬರ್ನ್‌ಡಾರ್ಫರ್ ಎಂಬವರು 1907ರಲ್ಲಿ 'ಕಾರ್ಸಿನಾಯ್ಡ್' ಎಂದು ಹೆಸರಿಟ್ಟರು; ಕ್ಯಾನ್ಸರಿನಂತೆ ಕಂಡರೂ ಅದರಷ್ಟು ಕೆಟ್ಟದ್ದಲ್ಲ ಎಂಬ ಭಾವ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಪೂರ್ತಿ ತೆಗೆದಿದ್ದರೆ ಸಾಮಾನ್ಯವಾಗಿ ಮತ್ತೇನೂ ಬೇಡ. ಎರಡು ಸೆಂಟಿಮೀಟರು ದಾಟಿದ್ದರೆ ದೊಡ್ಡ ಕರುಳಿನ ಬಲಭಾಗವನ್ನೂ ಅದರ ಗ್ರಂಥಿಗಳನ್ನೂ ತೆಗೆಯುತ್ತಾರೆ. ನಡುವಿನವುಗಳ ವಿಷಯದಲ್ಲಿ ವೈದ್ಯರಲ್ಲಿಯೇ ವಾದವಿತ್ತು. 2023ರಲ್ಲಿ ಯುರೋಪಿನ ಹಲವು ಆಸ್ಪತ್ರೆಗಳ ಹಳೆಯ ದಾಖಲೆ ಕೂಡಿಸಿ ನೋಡಿದಾಗ, ದೊಡ್ಡ ಶಸ್ತ್ರಕ್ರಿಯೆ ಮಾಡಿಸಿಕೊಳ್ಳದವರೂ ಮಾಡಿಸಿಕೊಂಡವರಷ್ಟೇ ಚೆನ್ನಾಗಿ ಬಾಳಿದ್ದು ಕಂಡುಬಂತು. ಬೇರೆ ಕೆಲವು ಜಾತಿಗಳಿವೆ, ನಿಜವಾದ ಕ್ಯಾನ್ಸರುಗಳು. ಅವಕ್ಕೆ ಕರುಳಿನ ಬಲಭಾಗ ತೆಗೆಯುವುದು ಸಾಮಾನ್ಯವಾಗಿ ತಪ್ಪುವುದಿಲ್ಲ. ಆ ಹುಡುಗನ ತಾಯಿ ಮಾತ್ರ ಎರಡು ತಿಂಗಳು ಊಟ ಬಿಟ್ಟಿದ್ದರು. ಹುಡುಗ ಪರೀಕ್ಷೆಯಲ್ಲಿ ಪಾಸಾದ.

ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ಒಂದು ಘಟನೆ ನಡೆಯಿತು. ನಮ್ಮ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಮಗನೊಂದಿಗೆ ಕೂತಿದ್ದಳು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಹೊಟ್ಟೆ ಮಾತ್ರ ತುಂಬು ಬಸುರಿಯಂತೆ. ನನ್ನ ಮಡದಿ ಸೀರೆ ನೋಡಿದ್ದೇ ತಡ, "ಯಾವೂರವ್ವಾ?" ಎಂದಳು. ಬಾಗಲಕೋಟೆಯ ಕಡೆಯ ಹಳ್ಳಿ. ಒಂದೂವರೆ ವರ್ಷದಿಂದ ಹೊಟ್ಟೆ ಏರುತ್ತಿದೆ. ಊರಲ್ಲಿ ಜಲೋದರವೆಂದರು, ಸೂಜಿ ಹಾಕಿ ನೀರು ತೆಗೆಯಲು ನೋಡಿದರು, ಏನೂ ಬರಲಿಲ್ಲ. ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಲ್ಲಿ ಇಳಿದಿದ್ದಾರೆ. ತಾಯಿ-ಮಗ ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಒಳಗೆ ಕರೆದಾಗ ಆಕೆ, "ಅಣ್ಣಾರ, ಒಂದೀಟು ಒಳಗ ಬರ್ರಿ, ಅವರ ಮಾತು ನಮಗ ತಿಳೀವಲ್ದು" ಎಂದಳು.

ಹೀಗೆ ನಾನು ದುಭಾಷಿಯಾದೆ. ಡಾಕ್ಟರರ ಅನುಮತಿ ಪಡೆದು ಕೂತೆ. ಅವರು ಹೇಳಿದರು: ಜಲೋದರವಲ್ಲ. ಮೂಲ ಅಪೆಂಡಿಕ್ಸಿನಲ್ಲಿದೆ. ಅದು ಎಂದೋ ಒಡೆದು ಲೋಳೆ ಹೊಟ್ಟೆಯೆಲ್ಲ ಹರಡಿದೆ. 'ಮ್ಯೂಸಿನ್' ಎಂಬುದನ್ನು ಹೇಗೆ ಹೇಳಲಿ? ನಾನು ತಡವರಿಸುವುದರೊಳಗೆ ಆಕೆಯೇ, "ಲೋಳಸರ ಸೀಳಿದ್ರ ಬರ್ತೈತಲ್ರಿ, ಹಂಗೇನ್ರಿ?" ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಡಾಕ್ಟರರು ನಕ್ಕು, ಇಷ್ಟು ಸರಿಯಾಗಿ ಯಾವ ವಿದ್ಯಾರ್ಥಿಯೂ ಹೇಳಿಲ್ಲವೆಂದರು.

ಮುಂದಿನದು ನಗುವ ಮಾತಾಗಿರಲಿಲ್ಲ. ಲೋಳೆ ಹೊಟ್ಟೆಯೊಳಗೆ ತನ್ನದೇ ಹಾದಿಯಲ್ಲಿ ಸಾಗುತ್ತದೆ. ಬಲಗಡೆಯಿಂದ ಏರಿ ವಪೆಯ ಕೆಳಗೆ ಕೂಡುತ್ತದೆ, ಭಾರಕ್ಕೆ ಕಿಬ್ಬೊಟ್ಟೆಗೆ ಇಳಿಯುತ್ತದೆ, ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದ ಕೊಬ್ಬಿನ ಪದರಿಗೆ ಅಂಟಿಕೊಳ್ಳುತ್ತದೆ. ಸದಾ ಚಲಿಸುವ ಸಣ್ಣ ಕರುಳು ಮಾತ್ರ ಬಹುಮಟ್ಟಿಗೆ ಪಾರಾಗುತ್ತದೆ; ಶಸ್ತ್ರಕ್ರಿಯೆಗೆ ಆಸೆ ಇರುವುದು ಅದರಿಂದಲೇ. ಅಮೆರಿಕದ ವಾಷಿಂಗ್ಟನ್ನಿನ ಪಾಲ್ ಶುಗರ್‌ಬೇಕರ್ ಎಂಬ ಸರ್ಜನರು ಬೆಳೆಸಿದ ವಿಧಾನ ಇದು. ಗಡ್ಡೆ ಅಂಟಿದ ಒಳಪೊರೆಯನ್ನು ಕಿತ್ತಳೆಯ ಬಿಳಿ ಸಿಪ್ಪೆ ಸುಲಿದಂತೆ ಸುಲಿಯಬೇಕು; ಕೊಬ್ಬಿನ ಸೆರಗು, ಕರುಳಿನ ಬಲಭಾಗ, ಬೇಕಾದರೆ ಪಿತ್ತಕೋಶ, ಗುಲ್ಮ, ಗರ್ಭಕೋಶ, ಅಂಡಾಶಯ, ಎಲ್ಲ ಹೋಗಬಹುದು. ಕಣ್ಣಿಗೆ ಕಾಣುವುದೇನೂ ಉಳಿಯಬಾರದು. ಎರಡೂವರೆ ಮಿಲಿಮೀಟರಿಗಿಂತ ದೊಡ್ಡ ಕಣ ಉಳಿದರೆ ಕೆಲಸ ಅರ್ಧವಾದಂತೆ. ಆ ಮೇಲೆ ಕಣ್ಣಿಗೆ ಕಾಣದ ಕೋಶಗಳಿಗಾಗಿ ಮೈಟೋಮೈಸಿನ್ ಎಂಬ ಔಷಧವನ್ನು 41-42 ಡಿಗ್ರಿಗೆ ಬಿಸಿಮಾಡಿ ಹೊಟ್ಟೆಯೊಳಗೆ ಒಂದು-ಒಂದೂವರೆ ತಾಸು ಹರಿದಾಡಿಸುತ್ತಾರೆ. ಒಟ್ಟು ಹತ್ತು ತಾಸು ಹಿಡಿಯಬಹುದು. ಜೀವಕ್ಕೆ ಅಪಾಯವಿದೆ. ಮಾಡದಿದ್ದರೆ ಕರುಳು ಕಟ್ಟಿಕೊಂಡು ಹೋಗುವುದು ನಿಶ್ಚಿತ.

ಒಂದೊಂದನ್ನೇ ನಾನು ಕನ್ನಡಕ್ಕೆ ಇಳಿಸುತ್ತ ಹೋದೆ. ಗುಲ್ಮಕ್ಕೆ ಬಂದಾಗ ನನ್ನ ದನಿ ಕಟ್ಟಿತು. ಏಕೆಂದರೆ ಬಾಗಿಲ ಹೊರಗೆ ಕೂತವಳ ಹೊಟ್ಟೆಯಲ್ಲಿಯೂ ಇದೇ ಕತೆಯ ಮೊದಲ ಅಧ್ಯಾಯ ಇರಬಹುದು, ಮತ್ತು ಮೂರು ತಿಂಗಳು ನಾನು ಅದನ್ನು ಡ್ರಾದಲ್ಲಿ ಬಿಟ್ಟಿದ್ದೆ. ಆ ತಾಯಿ ಎಲ್ಲ ಕೇಳಿ, "ಅಷ್ಟೆಲ್ಲಾ ತೆಗದ ಮ್ಯಾಲೆ ಒಳಗ ಏನ್ ಉಳೀತೈತ್ರಿ?" ಎಂದಳು. ಡಾಕ್ಟರರು, "ಊಟ ಮಾಡಲಿಕ್ಕೆ, ಹೊಲಕ್ಕೆ ಹೋಗಲಿಕ್ಕೆ ಬೇಕಾದಷ್ಟು ಉಳಿಯುತ್ತದೆ" ಎಂದರು. ಆಕೆ ಮಗನ ಮುಖ ನೋಡಿ, "ಆತು, ಮಾಡ್ಲಿ ಅನ್ರಿ" ಎಂದಳು.

ನನ್ನ ವಯಸ್ಸಿನ ವಾಚಕರಿಗೆ ಆಡ್ರೆ ಹೆಪ್‌ಬರ್ನ್ ನೆನಪಿರಬಹುದು. 'ರೋಮನ್ ಹಾಲಿಡೇ'ಯನ್ನು ನಾನು ಕಾಲೇಜಿನ ದಿನಗಳಲ್ಲಿ ಎರಡು ಸಲ ನೋಡಿದವನು. 1992ರಲ್ಲಿ ಸೋಮಾಲಿಯದ ಬರಪೀಡಿತ ಮಕ್ಕಳನ್ನು ನೋಡಿ ಬಂದ ಮೇಲೆ ಆಕೆಗೆ ಹೊಟ್ಟೆನೋವು ಹೆಚ್ಚಾಯಿತು. ನವೆಂಬರಿನಲ್ಲಿ ಹೊಟ್ಟೆ ತೆರೆದಾಗ ಅಪೆಂಡಿಕ್ಸಿನ ಗಡ್ಡೆ ಎಲ್ಲ ಕಡೆ ಹರಡಿತ್ತು. 1993ರ ಜನವರಿ 20ರಂದು ತೀರಿಕೊಂಡಳು, ಅರವತ್ತಮೂರು ವರ್ಷ. ಈ ಸಂಗತಿಯನ್ನು ಆ ದಿನಗಳಲ್ಲಿ ಎಲ್ಲಿಯೋ ಓದಿ ನನ್ನ ಮಡದಿಗೆ ಹೇಳಲು ಹೋಗಿ, ನುಂಗಿಕೊಂಡೆ.

ನಮ್ಮ ಸರದಿ ಬಂತು. ಡಾಕ್ಟರರು, "ಎಲ್ಲ ತುಂಡುಗಳನ್ನೂ ಮತ್ತೆ ಸೀಳಿ ನೋಡಿದ್ದಾರೆ. ಹೊರಮೈಯಲ್ಲಿ ಲೋಳೆಯಿದೆ, ಕೋಶಗಳಿಲ್ಲ. ಸ್ಕ್ಯಾನು ಸ್ವಚ್ಛ, ರಕ್ತವೂ ಸರಿ" ಎಂದರು. ನಾನು, "ಹಾಗಾದರೆ ಶಸ್ತ್ರಕ್ರಿಯೆ ಯಾವಾಗ?" ಎಂದೆ. ಮೂರು ವಾರ ಕತ್ತಿಯ ಮಾತನ್ನೇ ಕೇಳಿ ನನ್ನ ತಲೆ ಹಾಗಾಗಿತ್ತು. "ಯಾವುದೂ ಇಲ್ಲ. ಮೊದಮೊದಲು ಆರು ತಿಂಗಳಿಗೊಮ್ಮೆ, ಮುಂದೆ ವರ್ಷಕ್ಕೊಮ್ಮೆ ಸ್ಕ್ಯಾನು. ಕಾಯುವುದು." ತಡವಾಗಿದ್ದರಿಂದ ಏನಾದರೂ ಕೆಟ್ಟಿತೇ ಎಂದು ಕೇಳಿದೆ. "ಈ ಸಲ ಇಲ್ಲ" ಎಂದರು. ಆ ಮೊದಲಿನ ಎರಡು ಶಬ್ದಗಳು ಬೇಕೆಂದೇ ಆಡಿದವೆಂದು ನನಗೆ ಗೊತ್ತಾಯಿತು.

ಬಾಗಲಕೋಟೆಯ ತಾಯಿಯ ಶಸ್ತ್ರಕ್ರಿಯೆ ಹನ್ನೊಂದು ತಾಸು ನಡೆಯಿತು. ನಾನೂ ಆ ಹುಡುಗನೂ ಹೊರಗೆ ಕೂತು ವಡಾಪಾವ್ ತಿಂದೆವು. ಅವನು ಅರ್ಧ ತಿಂದು ಕಾಗದದಲ್ಲಿ ಸುತ್ತಿಟ್ಟ. ಅತಿದಕ್ಷತಾ ವಿಭಾಗದಲ್ಲಿ ಎಂಟು ದಿನ, ವಾರ್ಡಿನಲ್ಲಿ ಎರಡು ವಾರ, ಒಮ್ಮೆ ಜ್ವರ ಏರಿ ಎಲ್ಲರೂ ಹೆದರಿದ್ದೂ ಆಯಿತು. ಊರಿಗೆ ಹೊರಟಾಗ ಸೀರೆ ಮೈಮೇಲೆ ನಿಲ್ಲದಷ್ಟು ಸೊರಗಿದ್ದಳು. ಮುಂದಿನ ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿಯ ಗಂಟೊಂದು ಬಸ್ಸಿನವರ ಕೈಯಲ್ಲಿ ಬಂತು. ನಾವು ಈಗಲೂ ಫೋನಿನಲ್ಲಿ ಮಾತಾಡುತ್ತೇವೆ. ಆಕೆಗೂ ನನ್ನ ಮಡದಿಗೂ ಸ್ಕ್ಯಾನಿನ ತಾರೀಖುಗಳೇ ಹಬ್ಬಹರಿದಿನ.

ನಮ್ಮ ಮನೆಯಲ್ಲಿ ಕಾಗದಪತ್ರದ ಖಾತೆ ಈಗ ನನ್ನ ಕೈಯಲ್ಲಿಲ್ಲ. ನೀಲಿ ಫೈಲೊಂದು ಅವಳ ಟ್ರಂಕಿನಲ್ಲಿ, ಸೀರೆಗಳ ಮೇಲೆ ಇರುತ್ತದೆ. ಕಳೆದ ಸಲ ಸ್ಕ್ಯಾನಿನ ದಿನವೇ ಸಂಘದ ವಾರ್ಷಿಕ ಸಭೆ ಬಂತು. ನಾನು ಸಭೆಗೆ ಹೋಗಲಿಲ್ಲ, ಲೆಕ್ಕಪತ್ರವನ್ನು ಸಹಕಾರ್ಯದರ್ಶಿಗಳೇ ಓದಿದರು. ಎರಡು ದಿನದ ಮೇಲೆ ರಿಪೋರ್ಟು ತರಲು ಇಬ್ಬರೂ ಹೋದೆವು. ಲಕೋಟೆ ಇಸಿದುಕೊಳ್ಳಲು ನಾನು ಕೈಚಾಚಿದೆ.

"ತಡೀರಿ" ಎಂದು ಅವಳು ಕನ್ನಡಕ ಇಳಿಸಿ, ಅಲ್ಲಿಯೇ ಕೌಂಟರಿನ ಪಕ್ಕಕ್ಕೆ ನಿಂತು, ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿದಳು. ಹಿಂದೆ ಪಾಳಿ ಬೆಳೆಯಿತು. ಆಮೇಲೆ ಮಡಿಸಿ ನನ್ನ ಕೈಗೆ ಕೊಟ್ಟು, "ಇನ್ನ ನೀವು ಓದ್ರಿ" ಎಂದಳು.